ಹದಿನೆಂಟು ಹಲ್ಲಿನ ಗಾಲಿ

ಬಾಯಲ್ಲಿರುವುದೂ ಹಲ್ಲು, ಬಾಚಣಿಗೆಯಲ್ಲಿರುವುದೂ ಹಲ್ಲು, ಗರಗಸದಲ್ಲಿರುವುದೂ ಹಲ್ಲು. ಯಂತ್ರದ ಗಾಲಿಯ ಅಂಚನ್ನೂ ಕನ್ನಡವು ಆ ಹೆಸರಿನಿಂದಲೇ ಕರೆಯಿತು. ಪಂಡಿತರು ದಂತಚಕ್ರವೆಂದರೂ ಕಾರ್ಖಾನೆಯವರು ಗೇರೆಂದೇ ಅನ್ನುತ್ತಾರೆ. ಹೆಸರು ಒಂದಾದ ಮಾತ್ರಕ್ಕೆ ಆಕಾರವೂ ಒಂದೆಂದು ನಂಬಿದವನು ಪಡುವ ಪಾಡು ಮೈಸೂರಿನ ಒಂದು ಮನೆಯಲ್ಲಿ ಕಂಡುಬಂದಿತು.

ಆ ಮನೆಯ ಹಿರಿಯರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಮಿಲ್ಲಿಂಗ್ ಯಂತ್ರದ ಮುಂದೆ ನಿಂತು ದುಡಿದವರು. ಜಾವಾ, ಯೆಜ್ಡಿ ಎಂಬ ಮೋಟಾರು ಸೈಕಲ್ಲುಗಳಿಂದ ಊರಿನ ಹೆಸರನ್ನು ದೇಶಕ್ಕೆಲ್ಲ ಒಯ್ದ ಆ ಕಾರ್ಖಾನೆಯು 1996ರಲ್ಲಿ ಮುಚ್ಚಿತು. ಕೈಯಲ್ಲಿ ಕಸುಬು ಉಳಿಯಿತು; ಅದನ್ನು ಕೇಳುವವರು ಉಳಿಯಲಿಲ್ಲ. ಡಿಪ್ಲೊಮಾ ಮುಗಿಸಿದ ಮೊಮ್ಮಗನು ಯಂತ್ರಭಾಗಗಳನ್ನು ಕಂಪ್ಯೂಟರಿನಲ್ಲಿ ರೂಪಿಸಲು ಕಲಿತಿದ್ದನು. ತಾತನ ವಿದ್ಯೆಯ ಕಾಲ ಮುಗಿಯಿತೆಂಬುದು ಅವನ ಎಣಿಕೆ.

ಕಳೆದ ಚೈತ್ರದಲ್ಲಿ, ಬೀದಿಯ ಮೂಲೆಯಲ್ಲಿ ಕಬ್ಬಿನ ಹಾಲು ಮಾರುವ ಹೆಂಗಸಿನ ಯಂತ್ರದ ಗಾಲಿಯೊಂದರಲ್ಲಿ ಮೂರು ಹಲ್ಲು ಮುರಿದವು. ಯಂತ್ರ ಹಳೆಯದು, ಅಂತಹ ಗಾಲಿ ಪೇಟೆಯಲ್ಲಿ ಸಿಕ್ಕಲಿಲ್ಲ. ಬೇಸಗೆಯ ಎರಡು ತಿಂಗಳ ವ್ಯಾಪಾರವೇ ಆಕೆಗೆ ವರುಷದ ಆಸರೆ. ಜೂನಿನಲ್ಲಿ ಮಕ್ಕಳ ಶಾಲೆಯ ಶುಲ್ಕ ಕಾದಿರುತ್ತದೆ. “ನಾನು ಮಾಡಿಕೊಡುತ್ತೇನಕ್ಕ” ಎಂದು ಯುವಕನು ಮಾತು ಕೊಟ್ಟನು.

ಫ್ರೀಕ್ಯಾಡ್ ಎಂಬ ತಂತ್ರಾಂಶವನ್ನು ಹಣ ತೆರದೆ ಯಾರು ಬೇಕಾದರೂ ಬಳಸಬಹುದು. ಅದರಲ್ಲಿ ಅವನು ಒಂದು ಬಿಲ್ಲೆಯನ್ನು ಬರೆದು, ಅಂಚಿಗೆ ತ್ರಿಕೋನದ ಹಲ್ಲೊಂದನ್ನು ಕೂಡಿಸಿ, ಪೋಲಾರ್ ಪ್ಯಾಟರ್ನ್ ಎಂಬ ಆಜ್ಞೆಯಿಂದ ಅದನ್ನು ಹದಿನೆಂಟಾಗಿಸಿದನು. ಇಪ್ಪತ್ತು ಡಿಗ್ರಿಗೊಂದರಂತೆ ಸುತ್ತಲೂ ಹಲ್ಲು ನಿಲ್ಲಿಸುವ ಕೆಲಸವು ರೆಪ್ಪೆ ಬಡಿಯುವಷ್ಟರಲ್ಲಿ ಮುಗಿಯಿತು. ಹಿರಿಯರಿಗೆ ಅದೊಂದು ಸೋಜಿಗ. ಅವರು ಬಳಸಿದ ಡಿವೈಡಿಂಗ್ ಹೆಡ್ಡಿನಲ್ಲಿ ಹಿಡಿಯನ್ನು ನಲವತ್ತು ಸುತ್ತು ತಿರುಗಿಸಿದರೆ ಗಾಲಿಗೆ ಒಂದು ಸುತ್ತು. ಹದಿನೆಂಟು ಹಲ್ಲಿಗೆ ಪ್ರತಿಸಲವೂ ಎರಡು ಪೂರ್ಣ ಸುತ್ತು, ಮೇಲೆ ಹದಿನೆಂಟು ರಂಧ್ರಗಳ ವೃತ್ತದಲ್ಲಿ ನಾಲ್ಕು ರಂಧ್ರ. ಒಮ್ಮೆ ಎಣಿಕೆ ತಪ್ಪಿದರೆ ಕೊನೆಯ ಹಲ್ಲು ಸಣಕಲಾಗಿ, ಉಕ್ಕಿನ ಬಿಲ್ಲೆಯೇ ಗುಜರಿಗೆ!

ಆದರೂ ಅವರು ಪರದೆಯನ್ನು ದಿಟ್ಟಿಸಿ, “ಇದು ಗರಗಸ ಕಣಯ್ಯ, ಗಾಲಿಯಲ್ಲ” ಎಂದರು. ಯುವಕನಿಗೆ ಮುನಿಸು ಬಂದಿತು. ತ್ರೀಡಿ ಪ್ರಿಂಟರಿನಲ್ಲಿ ಪ್ಲಾಸ್ಟಿಕ್ಕಿನ ಎರಡು ಗಾಲಿಗಳನ್ನು ಮಾಡಿಸಿ ತಂದು ಜೋಡಿಸಿ ತಿರುಗಿಸಿದನು. ಅವು ಕಟಕಟನೆ ಕಚ್ಚಿಕೊಂಡು ನಿಂತುಬಿಟ್ಟವು. ಪರದೆಯ ಮೇಲೆ ಹಲ್ಲಿನೊಳಗೆ ಹಲ್ಲು ತೂರಿದರೂ ತಕರಾರು ಮಾಡುವವರಿರುವುದಿಲ್ಲವಷ್ಟೆ.

ಅಂದು ರಾತ್ರಿ ಹಿರಿಯರು ಕಾಫಿಪುಡಿಯ ಡಬ್ಬಿಯನ್ನು ಹಾಳೆಯ ಮೇಲಿಟ್ಟು, ಅದಕ್ಕೆ ದಾರ ಸುತ್ತಿ, ತುದಿಗೆ ಸೀಸದಕಡ್ಡಿ ಕಟ್ಟಿ, ದಾರವನ್ನು ಬಿಗಿಯಾಗಿ ಎಳೆದು ಬಿಚ್ಚುತ್ತ ಹೋದರು. ಹಾಳೆಯ ಮೇಲೆ ಮೂಡಿದ ಬಾಗುಗೆರೆಯೇ ಇನ್‌ವಲ್ಯೂಟ್. ಗಾಲಿಯ ಹಲ್ಲಿಗೆ ಇದು ತಕ್ಕುದೆಂದು ಹದಿನೆಂಟನೆಯ ಶತಮಾನದಲ್ಲಿಯೇ ಗಣಿತಜ್ಞ ಆಯ್ಲರನು ಸೂಚಿಸಿದ್ದನು. ಈ ಬಾಗುಳ್ಳ ಹಲ್ಲುಗಳು ಒಂದನ್ನೊಂದು ಒತ್ತುತ್ತ ಒಂದೇ ಸಮನೆ ಸಾಗುತ್ತವೆ. ಗಾಲಿಗಳ ನಡುವಣ ದೂರವು ತುಸು ಹೆಚ್ಚಿದರೂ ವೇಗದ ಪ್ರಮಾಣ ಕೆಡದು. ದಪ್ಪ ಜಲ್ಲೆ ನುಗ್ಗಿದಾಗ ಉರುಳೆಗಳು ಕೊಂಚ ಸರಿಯುವ ಕಬ್ಬಿನ ಯಂತ್ರಕ್ಕೆ ಇದಕ್ಕಿಂತ ಬೇಕಾದುದೇನು?

ಮರುದಿನ ಯುವಕನು ಮೊದಲಿನಿಂದ ಆರಂಭಿಸಿದನು. ಹಳೆಯ ಗಾಲಿಯ ಹೊರವ್ಯಾಸ 100 ಮಿಲಿಮೀಟರ್. ಹಲ್ಲಿನ ಎಣಿಕೆಗೆ ಎರಡನ್ನು ಕೂಡಿಸಿ, 20ರಿಂದ ಅದನ್ನು ಭಾಗಿಸಲು ಮಾಡ್ಯೂಲ್ 5 ಎಂದು ತಿಳಿಯಿತು. ಹಲ್ಲುಗಳು ಕೂಡುವ ಪಿಚ್ ವೃತ್ತದ ವ್ಯಾಸ 90, ಬುಡದ ವ್ಯಾಸ 77.5. ಒತ್ತಡದ ಕೋನ 20 ಡಿಗ್ರಿಯಿದ್ದು ಹಲ್ಲು ಹದಿನೇಳಕ್ಕಿಂತ ಕಡಿಮೆಯಾದರೆ ಕೊರೆಯುವ ಕಟ್ಟರ್ ಹಲ್ಲಿನ ಬುಡವನ್ನೇ ತಿಂದುಬಿಡುವುದುಂಟು. ಇಲ್ಲಿ ಆ ಭಯವಿರಲಿಲ್ಲ. ಇನ್‌ವಲ್ಯೂಟ್ ಹಲ್ಲನ್ನು ಬರೆದುಕೊಡುವ ಸಾಧನವು ತಂತ್ರಾಂಶದಲ್ಲಿ ಮೊದಲಿನಿಂದಲೂ ಇದ್ದಿತೆಂಬುದು ಆಗ ಅವನ ಕಣ್ಣಿಗೆ ಬಿತ್ತು. ಹೆಸರೇ ತಿಳಿಯದಿದ್ದಾಗ ಅದನ್ನು ಹುಡುಕುವುದಾದರೂ ಹೇಗೆ? “ಹಲ್ಲುಗಳ ನಡುವೆ ಕೂದಲೆಳೆಯಷ್ಟು ಸಡಿಲ ಬಿಡು, ಮಗು” ಎಂದು ತಾತ ನೆನಪಿಸಿದರು.

ಹೆಬ್ಬಾಳ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಯೊಂದರಲ್ಲಿ ಉಕ್ಕಿನ ಗಾಲಿ ಸಿದ್ಧವಾಯಿತು. ಹಲ್ಲು ಕೊರೆಯುವಷ್ಟು ಹೊತ್ತೂ ಹಿರಿಯರು ಅಲ್ಲಿದ್ದರು. ಕೆಲಸಗಾರರು ಹಾಕಿದ ಕುರ್ಚಿಯಲ್ಲಿ ಅವರು ಕೂರಲೇ ಇಲ್ಲ.

ಆ ಹೆಂಗಸು ಮೊದಲ ಜಲ್ಲೆಯನ್ನು ತೂರಿದಾಗ ಹಿರಿಯರು ಯಂತ್ರದ ಚೌಕಟ್ಟಿನ ಮೇಲೆ ಅಂಗೈಯಿಟ್ಟು ಅದರ ಅದುರನ್ನು ಗಮನಿಸಿದರು. ಅನಂತರ ಮೊಮ್ಮಗನತ್ತ ತಿರುಗಿ, “ಆ ನಕ್ಷೆಯನ್ನು ಅಳಿಸಬೇಡ. ಜೋಡಿ ಗಾಲಿ ಹಳೆಯದು, ಬರುವ ಬೇಸಗೆಗೆ ಅದರ ಸರದಿ” ಎಂದರು.