ಕಂಜೂ ಎಂಬ ಪದಕ್ಕೆ ಕನ್ನಡ ಹುಡುಕುತ್ತಾ

ಹೋದ ತಿಂಗಳು ಒಂದು ಸಾಕ್ಷ್ಯಚಿತ್ರದ ಸಬ್‌ಟೈಟಲ್ ಅನುವಾದಿಸುವ ಕೆಲಸ ಬಂತು. ಜಪಾನಿನ ಅಓಗಶಿಮಾ ಎಂಬ ದ್ವೀಪದ ಬಗ್ಗೆ. ಟೋಕಿಯೊದಿಂದ ದಕ್ಷಿಣಕ್ಕೆ ಸುಮಾರು 360 ಕಿ.ಮೀ. ದೂರವಿದ್ದರೂ ಆಡಳಿತದ ಲೆಕ್ಕದಲ್ಲಿ ಅದು ಟೋಕಿಯೊಗೇ ಸೇರಿದ ಹಳ್ಳಿ. ಇರುವುದು 170ರಷ್ಟು ಜನ. ದ್ವೀಪವೆಂದರೆ ಜ್ವಾಲಾಮುಖಿಯ ನೆತ್ತಿಯೇ. ದೊಡ್ಡ ಕುಳಿ, ಅದರೊಳಗೆ ಇನ್ನೊಂದು ಪುಟ್ಟ ಗುಡ್ಡ. ನೆಲದಿಂದ ಬಿಸಿ ಹಬೆ ಏಳುವ ಜಾಗಗಳಿಗೆ ಅಲ್ಲಿಯವರು ‘ಹಿಂಗ್ಯಾ’ ಅನ್ನುತ್ತಾರೆ. ಆ ಹಬೆಯಲ್ಲೇ ಗೆಣಸು, ಮೊಟ್ಟೆ ಬೇಯಿಸುತ್ತಾರೆ, ಸಮುದ್ರದ ನೀರು ಕಾಯಿಸಿ ಉಪ್ಪು ಮಾಡುತ್ತಾರೆ.

ಇದೇ ಬೆಂಕಿ 1785ರಲ್ಲಿ ಊರನ್ನೇ ನುಂಗಿತ್ತು. ಮುನ್ನೂರು ಚಿಲ್ಲರೆ ಜನರಲ್ಲಿ ಸುಮಾರು 130 ಮಂದಿ ಸತ್ತರು. ಉಳಿದವರು ದೋಣಿಗಳಲ್ಲಿ ಉತ್ತರದ ಹಚಿಜೊ ದ್ವೀಪ ಸೇರಿದರು. ನಡುವೆ ವಾಪಸು ಹೊರಟವರ ಪ್ರಯತ್ನಗಳು ಸಮುದ್ರದಲ್ಲೇ ಮುಳುಗಿದವು. ಕಡೆಗೆ 1824ರಲ್ಲಿ, ಸಾಸಾಕಿ ಜಿರೊದಾಯು ಎಂಬ ಮುಖಂಡನ ಜೊತೆ ಜನ ಮರಳಿದರು. ಇದಕ್ಕೆ ಜಪಾನಿಯಲ್ಲಿ ‘ಕಂಜೂ’ ಎನ್ನುತ್ತಾರೆ. ಬರೆಯಲು ಎರಡೇ ಅಕ್ಷರ: ಒಂದು ‘ಹಿಂತಿರುಗು’, ಇನ್ನೊಂದು ‘ವಾಸಿಸು’. ಎಷ್ಟೋ ಕಾಲದ ನಂತರ ಹಚಿಜೊದಿಂದ ಬರುತ್ತಿದ್ದ ಹಡಗಿಗೂ ‘ಕಂಜೂ-ಮಾರು’ ಎಂದೇ ಹೆಸರಿಟ್ಟಿದ್ದರು.

ನನಗೆ ಕೊಟ್ಟ ಇಂಗ್ಲಿಷ್ ಪಠ್ಯದಲ್ಲಿದ್ದದ್ದು ‘ರೀಸೆಟಲ್‌ಮೆಂಟ್’. ಯೋಚಿಸದೆ ‘ಪುನರ್ವಸತಿ’ ಎಂದು ಟೈಪ್ ಮಾಡಿದೆ. ಮಾಡಿದ ಮೇಲೆ ಅಜ್ಜಿ ನೆನಪಾದಳು.

ಅಜ್ಜಿಯ ಊರು 1960ರ ದಶಕದಲ್ಲಿ ಲಿಂಗನಮಕ್ಕಿಯ ಹಿನ್ನೀರಿಗೆ ಹೋಯಿತು. ಬದಲಿಗೆ ಸಿಕ್ಕ ಜಾಗಕ್ಕೆ ಕಾಗದಪತ್ರಗಳಲ್ಲಿ ಪುನರ್ವಸತಿ ಎಂದಿತ್ತು. ಅಜ್ಜಿ ಆ ಪದವನ್ನು ಬಾಯಲ್ಲಿ ಆಡಿದ್ದನ್ನು ನಾನು ಕೇಳಿಲ್ಲ. “ಮುಳುಗಡೆ ಆದಾಗ ಇಲ್ಲಿಗೆ ಬಂದ್ವಿ” ಅನ್ನುತ್ತಿದ್ದಳು, ಅಷ್ಟೆ. ಪುನರ್ ಎಂದರೆ ಮತ್ತೆ. ಆದರೆ ನಮ್ಮಲ್ಲಿ ಅಣೆಕಟ್ಟುಗಳಾದ ಮೇಲೆ ಪುನರ್ವಸತಿ ಎಂದರೆ ಬೇರೆ ಕಡೆ ಎಂದೇ ಆಗಿಬಿಟ್ಟಿದೆ. ಕಂಜೂ ಅದರ ತದ್ವಿರುದ್ಧ.

‘ಮರಳುವಿಕೆ’ ಎನ್ನೋಣವೆಂದರೆ ಅದೂ ಅರ್ಧ ಸುಳ್ಳು. ಸುಮಾರು 40 ವರ್ಷ ಕಳೆದಿತ್ತು. ಹೊರಟವರಲ್ಲಿ ಎಷ್ಟೋ ಮಂದಿ ಹಚಿಜೊದಲ್ಲೇ ಹುಟ್ಟಿದವರಿರಬೇಕು. ಕಂಡಿರದ ಊರಿಗೆ ಮರಳುವುದು ಹೇಗೆ? ಪುಣೆಯಲ್ಲಿ ಹುಟ್ಟಿದ ನನ್ನ ಮಗಳು, ಹಿನ್ನೀರಷ್ಟೇ ಕಾಣುವ ಆ ಜಾಗವನ್ನು “ನಮ್ಮೂರು” ಅನ್ನುತ್ತಾಳೆ. ನಾನು ತಿದ್ದಿಲ್ಲ.

ಕೊನೆಗೆ ‘ಮತ್ತೆ ಊರು ಕಟ್ಟಿದರು’ ಎಂದು ಬರೆದು ಕಳಿಸಿದೆ. ಸಬ್‌ಟೈಟಲ್‌ಗೆ ಉದ್ದವಾಯಿತು, ಒಂದೇ ಪದ ಕೊಡಿ ಎಂದು ಉತ್ತರ ಬಂದಿದೆ. ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಅಂಥದ್ದೊಂದು ಪದವಿದ್ದರೆ ಈ ಪತ್ರಕ್ಕೆ ಉತ್ತರಿಸಿ. ಶುಕ್ರವಾರದವರೆಗೆ ಸಮಯವಿದೆ.