ಹತ್ತನೆಯ ಮರಿ

ಮೊಟ್ಟೆಯೊಡೆದು ಬಂದ ಕೋಳಿಮರಿಗೆ ಮೊದಲ ಎರಡು ದಿನ ಊಟವಿಲ್ಲದಿದ್ದರೂ ನಡೆಯುತ್ತದೆ. ಹೊರಬರುವ ಮುಂಚೆಯೇ ಅದು ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ. ಆ ಬುತ್ತಿಯ ಬಲದಿಂದಲೇ ಮುಂಚೆ ಬಂದ ಮರಿಗಳು ತಾಯಿಯ ರೆಕ್ಕೆಯಡಿ ಸುಮ್ಮನೆ ಕೂತು, ತಡವಾಗಿ ಒಡೆಯುವ ಮೊಟ್ಟೆಗಳಿಗಾಗಿ ಕಾಯುತ್ತವೆ. ಆದರೆ ಈ ಕಾಯುವಿಕೆಗೂ ಒಂದು ಗಡುವಿದೆ. ಬುತ್ತಿ ಖಾಲಿಯಾಗುವ ಹೊತ್ತಿಗೆ ತಾಯಿ ಎದ್ದು, ಬಂದಷ್ಟು ಮರಿಗಳನ್ನು ಕರೆದುಕೊಂಡು ಹೊರಟುಬಿಡುತ್ತದೆ.

ಪಿಎಚ್.ಡಿ.ಯ ಆರನೇ ವರ್ಷದಲ್ಲಿರುವವರಿಗೆ ಗಡುವು ಎಂಬ ಪದ ಸ್ವಲ್ಪ ಜೋರಾಗಿಯೇ ಕೇಳಿಸುತ್ತದೆ. ಐದು ವರ್ಷದ ಫೆಲೋಶಿಪ್ ಮುಗಿದು, ಹಾಸ್ಟೆಲ್ ಖಾಲಿ ಮಾಡಿ, ಉಳಿದ ಎರಡು ಅಧ್ಯಾಯ ಬರೆಯಲೆಂದು ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ನಾನು ಬಂದದ್ದು ಕಳೆದ ಜೂನ್‌ನಲ್ಲಿ. ಅಮ್ಮ ಕಾವಿಗಿಟ್ಟಿದ್ದ 11 ಮೊಟ್ಟೆಗಳಲ್ಲಿ 9 ಮೊಟ್ಟೆಗಳು ಲೆಕ್ಕದಂತೆ 21ನೇ ದಿನ ಒಡೆದಿದ್ದವು. ಒಂದು ಕೆಟ್ಟಿತ್ತು. ಇನ್ನೊಂದು 23ನೇ ದಿನ ಮಧ್ಯಾಹ್ನ, ತಾಯಿ ಅಂಗಳಕ್ಕೆ ಇಳಿದ ಮೇಲೆ, ಆರುತ್ತಿದ್ದ ಬುಟ್ಟಿಯಲ್ಲಿ ಒಡೆಯಿತು. ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ 24 ಗ್ರಾಂ. ಉಳಿದವು 30ರ ಆಸುಪಾಸಿನಲ್ಲಿದ್ದವು.

"ಅದು ಉಳಿಯೋ ಮರಿ ಅಲ್ಲ ಕಣೇ, ಕಾಲಲ್ಲಿ ಬಲನೇ ಇಲ್ಲ" ಅಂದಳು ಅಮ್ಮ. ಅವಳ ಮಾತಿನಲ್ಲಿ ನಿಷ್ಕರುಣೆ ಇರಲಿಲ್ಲ. ಕೋಳಿ, ಮೊಟ್ಟೆ ಮಾರಿ ನನ್ನ ಕಾಲೇಜಿನ ಫೀಸು ಕಟ್ಟಿದವಳು ಅವಳು. ಯಾವ ಮರಿಯ ಮೇಲೆ ಎಷ್ಟು ನುಚ್ಚು ಹಾಕಬಹುದೆಂಬ ಅಂದಾಜು ಅವಳಿಗಿದೆ. ಸಂಜೆ ಒಡ್ಡಿಯ ಬಾಗಿಲು ಹಾಕುವಾಗ ಬೆರಳು ಮಾಡಿ ಎಣಿಸುವುದು ಅವಳ ರೂಢಿ. ಅಂದು ಒಂಬತ್ತಕ್ಕೆ ನಿಲ್ಲಿಸಿದಳು.

ಬಡಕಲು ಮರಿಗೆ ಊಟಕ್ಕಿಂತ ಮೊದಲು ಬೇಕಾದದ್ದು ಬಿಸಿ. ಚಳಿಗೆ ಮುದುಡಿದ ಮರಿ ಕಾಳು ಕುಕ್ಕುವುದೇ ಇಲ್ಲ. ಮೊದಲ ವಾರ ಸುಮಾರು 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬೇಕು. ಅದಕ್ಕೆ ಥರ್ಮಾಮೀಟರೇ ಬೇಕೆಂದಿಲ್ಲ. ಮರಿ ಬಲ್ಬಿನಡಿಗೆ ಅಂಟಿಕೊಂಡು ಚೀರಿದರೆ ಬಿಸಿ ಸಾಲದು, ಮೂಲೆಗೆ ಹೋಗಿ ಬಾಯಿ ತೆರೆದರೆ ಹೆಚ್ಚಾಯಿತು. ನನ್ನ ಪುಸ್ತಕಗಳು ಬಂದಿದ್ದ ರಟ್ಟಿನ ಪೆಟ್ಟಿಗೆಗೆ 60 ವಾಟಿನ ಬಲ್ಬು ಇಳಿಬಿಟ್ಟೆ. ಬೆಲ್ಲದ ನೀರಿಗೆ ಕೊಕ್ಕು ಅದ್ದಿ ಕುಡಿಯುವುದನ್ನು ಕಲಿಸಿದೆ. ಮುಗ್ಗರಿಸಿ ಬಿದ್ದು ಮುಳುಗದಿರಲೆಂದು ನೀರಿನ ತಟ್ಟೆಗೆ ಬೆಣಚುಕಲ್ಲು ಹಾಕಿದೆ. ಬೇಯಿಸಿದ ಮೊಟ್ಟೆಯ ಹಳದಿಯನ್ನು ಪುಡಿ ಮಾಡಿ ಕೊಟ್ಟೆ. ಹಿಂಭಾಗಕ್ಕೆ ಹಿಕ್ಕೆ ಅಂಟಿ ದಾರಿ ಕಟ್ಟಿಕೊಂಡರೆ ಮರಿ ಸತ್ತೇ ಹೋಗಬಹುದು. ಬೆಚ್ಚನೆಯ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ದಿನಕ್ಕೆರಡು ಸಲ ಒರೆಸುತ್ತಿದ್ದೆ.

ಆದರೆ ಮಲೆನಾಡಿನ ಮಳೆಗಾಲದಲ್ಲಿ ಕರೆಂಟನ್ನು ನಂಬುವಂತಿಲ್ಲ. ಉಪಾಯ ಹೇಳಿದ್ದು ಪಕ್ಕದ ಮನೆಯ ಅಜ್ಜಿ. "ಕತ್ತಲಾದ ಮೇಲೆ ತಾಯಿ ರೆಕ್ಕೆ ಅಡೀಗೆ ನೂಕು ಮಗಾ. ಕತ್ತಲಲ್ಲಿ ಯಾವ ತಾಯೀನೂ ಮಕ್ಕಳನ್ನ ಎಣಿಸಲ್ಲ." ಹಾಗೇ ಆಯಿತು. ಹಗಲು ನನ್ನ ಪೆಟ್ಟಿಗೆ, ರಾತ್ರಿ ತಾಯಿಯ ಮಡಿಲು. ಪ್ರಬಂಧದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ತೂಕ ಬರೆದಿಡುತ್ತಾ ಹೋದೆ: 24, 23, 23, 25. ಹತ್ತನೆಯ ದಿನ 36. ಅಷ್ಟರಲ್ಲಿ ಉಳಿದ ಮರಿಗಳು ಅದರ ಒಂದೂವರೆ ಪಟ್ಟಾಗಿದ್ದವು.

ಕಷ್ಟವಿದ್ದದ್ದು ಹಗಲಿನಲ್ಲಿ ಹಿಂಡಿಗೆ ಸೇರಿಸುವಾಗ. ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದೆಂಬ ಮೇಲು ಕೀಳಿನ ಸಾಲೊಂದಿದೆ ಎಂದು 1920ರ ದಶಕದಲ್ಲಿ ತೋರಿಸಿಕೊಟ್ಟವನು ನಾರ್ವೆಯ ಥೋರ್ಲೀಫ್ ಶೆಲ್ಡರುಪ್-ಎಬ್ಬೆ. ನಮ್ಮ ಮರಿ ಆ ಸಾಲಿನ ಕಟ್ಟಕಡೆಯದು. ಐದು ದಿನ ಅದನ್ನು ತಂತಿಬಲೆಯ ಬುಟ್ಟಿಯಡಿ ಹಿಂಡಿನ ನಡುವೆಯೇ ಇಟ್ಟೆ. ಅವು ಅದನ್ನು ನೋಡುತ್ತಿದ್ದವು, ಕುಕ್ಕಲು ಆಗುತ್ತಿರಲಿಲ್ಲ. ಬುಟ್ಟಿ ತೆಗೆದ ದಿನ ನಾಲ್ಕೈದು ಏಟು ಬಿದ್ದವು. ಸೌದೆ ರಾಶಿಯ ಸಂದಿಗೆ ಓಡಿತು. ನಾನು ಆ ಸಂದಿಯ ಹತ್ತಿರ ಇನ್ನೊಂದು ತಟ್ಟೆಯಲ್ಲಿ ನುಚ್ಚು, ಒಂದಿಷ್ಟು ಗೆದ್ದಲು ಹಾಕಿಟ್ಟೆ. ಆಮೇಲೆ ಮಾಡಬೇಕಾದದ್ದೇನೂ ಉಳಿಯಲಿಲ್ಲ. ಸಾಲಿನ ಕೊನೆಯಲ್ಲಿದ್ದೂ ಬದುಕಬಹುದು. ಕೊನೆಯವರು ಸಾಯುವುದು ಅಂಗಳದಲ್ಲಿ ಒಂದೇ ತಟ್ಟೆ ಇದ್ದಾಗ.

ಊರಿನವರು "ಇನ್ನೂ ಮುಗಿದಿಲ್ವಾ?" ಎಂದು ನನ್ನನ್ನು ಕೇಳುವುದುಂಟು. ಅಮ್ಮ ಒಂದು ದಿನವೂ ಕೇಳಿಲ್ಲ. ನಾನು ಬರೆಯಲು ಕೂತಾಗ ಕಾಫಿ ಇಟ್ಟು ಹೋಗುತ್ತಾಳೆ, ಅಷ್ಟೆ. ನನ್ನ ಎರಡನೆಯ ತಟ್ಟೆ ಯಾವುದೆಂದು ಈಗ ನನಗೆ ಗೊತ್ತು.

ಒಂದು ಅಧ್ಯಾಯ ಮುಗಿಸಿ ಕಳಿಸಿದ್ದೇನೆ. ಮಳೆಗಾಲ ಕಳೆಯುವಷ್ಟರಲ್ಲಿ ಹದ್ದು ಎರಡು ಮರಿಗಳನ್ನು ಒಯ್ದಿತು, ಒಂದು ಮುಂಗುಸಿಯ ಪಾಲಾಯಿತು, ಮೂರೂ ದಷ್ಟಪುಷ್ಟವಾಗಿದ್ದವು. ನಮ್ಮ ಮರಿ ಈಗ ಹೇಂಟೆ. ಉಳಿದವಕ್ಕಿಂತ ಈಗಲೂ ಗಿಡ್ಡ, ಈಗಲೂ ಕೊನೆಗೇ ಒಡ್ಡಿ ಹತ್ತುತ್ತದೆ. ಅಮ್ಮ ಬಾಗಿಲು ಹಿಡಿದು ಆರರವರೆಗೆ ಎಣಿಸಿ, ಅದು ಬರುವ ತನಕ ನಿಂತಿದ್ದು, ಏಳು ಎಂದು ಅಗುಳಿ ಹಾಕುತ್ತಾಳೆ.