ಒಂದು ಯೋಗ್ಯತಾಪತ್ರದ ವಿಚಾರ

ಶಿರಹಟ್ಟಿಯಂಥ ಊರಲ್ಲಿ ಮೂವತ್ತು ವರ್ಷ ಮಾಸ್ತರಿಕೆ ಮಾಡಿ ನಿವೃತ್ತರಾದವರಿಗೆ ಕೊನೆಯವರೆಗೂ ತಪ್ಪದ ಉದ್ಯೋಗವೊಂದುಂಟು: ಯೋಗ್ಯತಾಪತ್ರ ಬರೆದುಕೊಡುವದು. ನೌಕರಿಗೆ, ವಸತಿಗೃಹದ ಪ್ರವೇಶಕ್ಕೆ, ಒಮ್ಮೆ ಹೆಣ್ಣು ಹೆತ್ತವರ ಸಮಾಧಾನಕ್ಕೂ ನಾವು ಬರೆದದ್ದುಂಟು. ಅವೆಲ್ಲ ಅರ್ಧ ಗಂಟೆಯ ಕೆಲಸ. ಕಳೆದ ತಿಂಗಳು ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ತಾಯಿಯೊಡನೆ ಬಂದು ಬೇಡಿದ ಪತ್ರವು ಮಾತ್ರ ನಮ್ಮ ಮೂರು ರಾತ್ರಿಯ ನಿದ್ರೆಯನ್ನು ಕೆಡಿಸಿತು.

ಹುಡುಗಿಯು ರಸಾಯನಶಾಸ್ತ್ರದಲ್ಲಿ ಎಂ.ಎಸ್‌ಸಿ. ಮುಗಿಸಿರುವಳು. ಓದಿನ ನಡುವೆ ಜರ್ಮನಿಯ ವಿಶ್ವವಿದ್ಯಾಲಯವೊಂದರಲ್ಲಿ ಮೂರು ತಿಂಗಳು, ನೀರನ್ನು ಪರೀಕ್ಷಿಸುವ ಪ್ರಯೋಗಶಾಲೆಯಲ್ಲಿ ಸಂಶೋಧನ ಸಹಾಯಕಳಾಗಿ ದುಡಿದು ಬಂದಳು. ಆಕೆ ಹಿಡಿದ ವಿಷಯ ಫ್ಲೋರೈಡ್. ಅದೇಕೆಂದು ನಮ್ಮ ಸೀಮೆಯವರಿಗೆ ಹೇಳಬೇಕಾದದ್ದಿಲ್ಲ. ಕೊಳವೆಬಾವಿಯ ನೀರು ಕುಡಿದು ಮಕ್ಕಳ ಹಲ್ಲು ಕಂದುಗಟ್ಟಿದ ಹಳ್ಳಿಗಳನ್ನು ಮುಂಡರಗಿಯ ಕಡೆಗೆ ಹೋದವರೆಲ್ಲ ಕಂಡಿರುವರು. ಲೀಟರಿಗೆ 1 ಮಿಲಿಗ್ರಾಮಿನೊಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಲ್ಲಿ 1.5 ರವರೆಗೆ ನಡೆಯಬಹುದು, ಅದನ್ನು ಮೀರಿದರೆ ಕುಡಿಯಕೂಡದು ಎಂಬುದು ನಮ್ಮ ದೇಶದ ಮಾನದಂಡ. ಈಗ ಪಿಎಚ್.ಡಿ.ಗಾಗಿ ಅರ್ಜಿ ಹಾಕುವವಳಿದ್ದಳು.

ಅಲ್ಲಿಯ ಪ್ರಾಧ್ಯಾಪಕರು ಕೊಟ್ಟ ಪತ್ರವನ್ನು ತಾಯಿಯು ನಮ್ಮ ಮುಂದಿಟ್ಟು, "ಇದನ್ನ ಕಳಸೂದು ಬ್ಯಾಡ್ರಿ ಗುರುಗಳ. ಮಗಳ ತಪ್ಪನ್ನ ಬರದ ಇಟ್ಟಾರ. ನೀವೊಂದು ಛಲೋ ಪತ್ರಾ ಬರದ ಕೊಡ್ರಿ" ಎಂದರು.

ಓದಿ ನೋಡಿದೆವು. ಫ್ಲೋರೈಡನ್ನು ಅಳೆಯುವ ಉಪಕರಣಕ್ಕೆ ಮೊದಲು ಪ್ರಮಾಣ ಗೊತ್ತಿರುವ ದ್ರಾವಣಗಳನ್ನು ತೋರಿಸಿ ಅಳತೆಯನ್ನು ಹೊಂದಿಸಬೇಕಾಗುತ್ತದೆ. ಆ ದ್ರಾವಣವನ್ನು ಕಲಸುವಾಗ ಹುಡುಗಿಯು ಲೆಕ್ಕ ತಪ್ಪಿದಳು. ಎರಡು ವಾರದ ಅಂಕೆಗಳೆಲ್ಲ ವ್ಯರ್ಥವಾದವು. ಇದು ಬೇರಾರ ಕಣ್ಣಿಗೂ ಬಿದ್ದಿರಲಿಲ್ಲ. ಅಂಕೆಗಳು ನೋಡುವದಕ್ಕೆ ಚೊಕ್ಕಟವಾಗಿಯೇ ಇದ್ದವು. ಆಕೆ ತಾನಾಗಿಯೇ ಹೋಗಿ ಹೇಳಿದಳು, ಉಳಿದ ದಿನಗಳಲ್ಲಿ ಎಲ್ಲವನ್ನೂ ಮತ್ತೆ ಮಾಡಿದಳು. ಇದೇ ಕಾರಣಕ್ಕಾಗಿ ಈಕೆಯನ್ನು ಇನ್ನೊಮ್ಮೆ ಕರೆಸಿಕೊಳ್ಳುವೆನೆಂದು ಪ್ರಾಧ್ಯಾಪಕರು ಪತ್ರವನ್ನು ಮುಗಿಸಿದ್ದರು.

ಜರ್ಮನಿಯಲ್ಲಿ ಇಂಥ ಪತ್ರಗಳ ರೀತಿಯೇ ಒಂದು ವಿನೋದ. ಕೆಲಸ ಬಿಡುವವನು ಪ್ರಮಾಣಪತ್ರವನ್ನು ಕಾಯದೆಯ ಪ್ರಕಾರ ಕೇಳಿ ಪಡೆಯಬಹುದು. ಅದು ಸತ್ಯವೂ ಆಗಿರಬೇಕು, ಅವನ ಮುಂದಿನ ದಾರಿಗೆ ಅಡ್ಡವೂ ಬರಕೂಡದು. ಆದುದರಿಂದ ಧಣಿಗಳು ಒಂದು ಗೂಢಭಾಷೆಯನ್ನೇ ಕಟ್ಟಿಕೊಂಡಿರುವರು. 'ನಮಗೆ ತೃಪ್ತಿಯಾಯಿತು' ಎಂದರೆ ಹೇಗೋ ನಡೆಯಿತೆಂದರ್ಥ. 'ಬಹಳ ಪ್ರಯತ್ನಪಟ್ಟನು' ಎಂದು ಬರೆದರಂತೂ ತೀರಿತು, ಆತನಿಂದ ಏನೂ ಆಗಲಿಲ್ಲವೆಂದೇ ತಿಳಿಯತಕ್ಕದ್ದು. ಅಂಥ ನಾಡಿನಿಂದ ಇಷ್ಟು ಬಿಚ್ಚುಮಾತಿನ ಪತ್ರ ಬಂದದ್ದು ನಮಗೆ ಸೋಜಿಗವೆನಿಸಿತು.

ತಾಯಿಯ ಸಮಾಧಾನಕ್ಕೆಂದು ನಾವು ರಾಜೇಶ್ವರಿ ಚಟರ್ಜಿಯವರ ಮಾತು ತೆಗೆದೆವು. ನಂಜನಗೂಡಿನಲ್ಲಿ 1922ರಲ್ಲಿ ಹುಟ್ಟಿದ ಆ ಮಹಿಳೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, 1947ರಲ್ಲಿ ಸರಕಾರದ ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ನಡುವೆ ಎಂಟು ತಿಂಗಳು ವಾಷಿಂಗ್ಟನ್ನಿನ ಮಾನದಂಡಗಳ ರಾಷ್ಟ್ರೀಯ ಕಚೇರಿಯಲ್ಲಿ ರೇಡಿಯೋ ಅಲೆಗಳ ಅಳತೆಯನ್ನೇ ಕಲಿತರು. ಪಿಎಚ್.ಡಿ. ಪಡೆದು 1953ರಲ್ಲಿ ಮರಳಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಿಕೆಯಾದರು. ಅಳತೆ ಕಲಿಯುವದು ಸಣ್ಣ ಕೆಲಸವಲ್ಲವೆಂದು ನಾವು ವಿಸ್ತರಿಸುತ್ತಿರಲು ತಾಯಿಯು, "ಅವರ ಪತ್ರದಾಗೂ ತಪ್ಪ ಬರದಿದ್ರೇನ್ರಿ?" ಎಂದು ಕೇಳಿಬಿಟ್ಟರು. ನಾವು ಚಹದ ಬಟ್ಟಲನ್ನು ಎತ್ತಿಕೊಂಡೆವು.

ನಮ್ಮ ಹಿಂಜರಿಕೆಗೆ ಬೇರೊಂದು ಮೂಲವಿತ್ತು. ಹಿಂದೊಮ್ಮೆ ಮುಖ ಸಹ ಸರಿಯಾಗಿ ನೆನಪಿಲ್ಲದ ಹುಡುಗನೊಬ್ಬನಿಗೆ 'ಅಸಾಧಾರಣ ಪ್ರತಿಭೆ' ಎಂದು ಬರೆದುಕೊಟ್ಟಿದ್ದೆವು. ಅವನಿಗೆ ಸ್ಥಳ ಸಿಕ್ಕಿತು. ಅಲ್ಲಿಯ ಭಾರ ತಾಳಲಾರದೆ ವರ್ಷದೊಳಗೆ ಮರಳಿ ಬಂದನು. ಅವನ ತಂದೆ ಇಂದಿಗೂ ನಮ್ಮನ್ನು ಕಂಡರೆ ಕೈಮುಗಿಯುವರು. ಆ ಕೈಮುಗಿತವನ್ನು ನೋಡಲಾರದೆ ಕೆಲವು ಸಲ ನಾವು ಓಣಿಯನ್ನೇ ಬದಲಿಸಿದ್ದುಂಟು.

ಈ ಹುಡುಗಿಯ ವಿಷಯದಲ್ಲಿ ಮುಖವಷ್ಟೇ ಅಲ್ಲ, ಕೈಬರಹವೂ ನೆನಪಿದೆ. ಎಂಟನೆಯ ಇಯತ್ತೆಯಲ್ಲಿದ್ದಾಗ ಮಕ್ಕಳನ್ನು ಮಾಗಡಿ ಕೆರೆಗೆ ಕರೆದೊಯ್ದಿದ್ದೆವು. 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಅದೇ ಕೆರೆ. ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಅಲ್ಲಿಗೆ ಇಳಿಯುತ್ತವೆ. ಒಂದು ದಂಡೆಯ ಹಕ್ಕಿಗಳನ್ನು ಎಣಿಸಲು ಹೇಳಿದೆವು. ಉಳಿದವರೆಲ್ಲ ನಾಲ್ಕುನೂರು ಎಂದು ಬರೆದರು. ಇವಳು ಎರಡು ಸಲ ಎಣಿಸಿ, 413 ಮತ್ತು 376 ಎಂದು ಎರಡನ್ನೂ ಬರೆದು, 'ನಡುವೆ ಕೆಲವು ಹಾರಿಹೋದವು, ಎಷ್ಟೆಂದು ತಿಳಿಯದು' ಎಂದು ಕೆಳಗೆ ಸೇರಿಸಿದ್ದಳು. ಚೊಕ್ಕಟ ಉತ್ತರವಲ್ಲವೆಂದು ಅಂದು ನಾವೇ ಎರಡು ಗುಣ ಕಡಿಮೆ ಕೊಟ್ಟೆವು!

ನಾಲ್ಕನೆಯ ದಿನ ಹುಡುಗಿಯೊಬ್ಬಳೇ ಬಂದಳು. ಆ ಪತ್ರವನ್ನು ಕಳಿಸಬೇಕೋ ಬೇಡವೋ ಎಂದು ಆಕೆಯನ್ನೇ ಕೇಳಿದೆವು. ತುಸು ಹೊತ್ತು ಸುಮ್ಮನಿದ್ದು, "ಅಲ್ಲೆ ನಾ ಖರೇ ಮಾಡಿದ ಕೆಲಸ ಅದೊಂದ ರೀ ಗುರುಗಳ" ಎಂದಳು.

ಅಂದೇ ರಾತ್ರಿ ನಮ್ಮ ಪತ್ರವನ್ನು ಬರೆದೆವು. ಕೆರೆಯ ಎರಡು ಅಂಕೆಗಳನ್ನೂ, ನಾವು ಕಡಿದ ಎರಡು ಗುಣಗಳನ್ನೂ ಬರೆದೆವು. ಪ್ರತಿಭೆಯೆಂಬ ಶಬ್ದ ಎಲ್ಲಿಯೂ ಬರಲಿಲ್ಲ. ನಮ್ಮ ಮನೆಯವರು ಓದಿ, "ಇಷ್ಟ ಏನು?" ಎಂದರು, ಮತ್ತೊಮ್ಮೆ ಓದಿ, ಇರಲಿ ಎಂದರು.

ಎರಡೂ ಪತ್ರಗಳು ಹೋಗಿವೆ. ಸಂದರ್ಶನ ಬರುವ ತಿಂಗಳು. "ಏನರೆ ಆದ್ರ ನೀವ ಹೊಣಿ" ಎಂದು ತಾಯಿ ಹೇಳಿ ಹೋಗಿರುವರು. ನಾವು ಹೂಂ ಎಂದಿರುವೆವು.